ಮೂತಿ ಎತ್ತಿದ ಗಾಡಿ

ಜೂನ್ ೩

ಅಪ್ಪಾ,

ಅತ್ತೆಯ ಜ್ವರ ಬಿಟ್ಟಿತೇ? ಮಾರ್ಚಿನಲ್ಲಿ ಎಂಟು ದಿನ ಇರುತ್ತೇನೆಂದು ಬಂದವನು ನೀನು. ಎರಡನೆಯ ದಿನಕ್ಕೇ ಅತ್ತೆಗೆ ಜ್ವರವಂತೆ ಎಂದು ಬಸ್ಸು ಹತ್ತಿಬಿಟ್ಟೆ. ಆಮೇಲೆ ಬರೆಯಬೇಕು, ಬರೆಯಬೇಕು ಎಂದುಕೊಳ್ಳುತ್ತಲೇ ಮೂರು ತಿಂಗಳು ಕಳೆಯಿತು. ಫೋನ್ ಮಾಡೋಣವೆಂದರೆ ನಿನ್ನ ಕಿವಿಯನ್ನು ಗ್ಯಾರೇಜಿನ ಸುತ್ತಿಗೆಯ ಸದ್ದು ನುಂಗಿಹಾಕಿದೆ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ ಎನ್ನುತ್ತೀಯ. ಕಾಗದವೇ ಗತಿ.

ಗಾಡಿಯ ವಿಷಯಕ್ಕೆ ನಿನ್ನ ಸಲಹೆ ಬೇಕು. ನಾಲ್ಕು ವರ್ಷದ ಹಿಂದೆ ಈ ಪಿಕಪ್ ಕೊಂಡಾಗ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ತಲೆಯ ಮೇಲೆ, ಮುಂಭಾಗ ಎತ್ತರವಾಗಲೆಂದು, ನೀನು ಎರಡೆರಡು ಇಂಚಿನ ಬಿಲ್ಲೆ ಕೂರಿಸಿದ್ದೆಯಲ್ಲ, ಅವು ಈಗ ಬಿರುಕು ಬಿಟ್ಟಿವೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ 'ಟಕ್' ಎನ್ನುತ್ತದೆ. ಹೇಗೂ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಏನು ಮಾಡಬೇಕು ಎನ್ನುವುದು ಪ್ರಶ್ನೆ.

ನಮ್ಮ ರಸ್ತೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದೆ. ಏನು ಕೇಳಿದರೂ "ಆಯ್ತಾಯ್ತು" ಎನ್ನುವುದರಿಂದ ಅವನಿಗೆ ಅದೇ ಹೆಸರು ಬಿದ್ದಿದೆ. ಅವನ ಪ್ರಕಾರ ಎರಡು ದಾರಿ. ಒಂದು, ಹೊಸ ಬಿಲ್ಲೆ ಹಾಕಿ ಈಗಿನ ಹಾಗೆಯೇ ಮುಂದೆ ಹಿಂದೆ ಸಮ ಇಡುವುದು. ಇನ್ನೊಂದು, ಇಡೀ ಗಾಡಿಯನ್ನೇ ನಾಲ್ಕು ಇಂಚು ಇಳಿಸಿಬಿಡುವುದು. ಮುಂದೆ ಗಿಡ್ಡ ಸ್ಪ್ರಿಂಗು, ಹಿಂದೆ ಸ್ಪ್ರಿಂಗ್ ಪ್ಲೇಟುಗಳಿಗೂ ಆಕ್ಸಲಿಗೂ ನಡುವೆ ಒಂದು ಕಬ್ಬಿಣದ ಅಚ್ಚು. ಯಾವುದು ಒಳ್ಳೆಯದು ಎಂದೆ. "ಎರಡೂ ಆಯ್ತಾಯ್ತು" ಎಂದ.

ನನಗೆ ಇಳಿಸುವ ಕಡೆಗೇ ಮನಸ್ಸು. ಗಾಜಿನ ಕಂಪನಿಯ ಲೋಡಿಂಗಿನ ಅಣ್ಣ ತಮ್ಮ ಇಬ್ಬರೂ ದೊಡ್ಡ ಕನ್ನಡಿಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಇಡಬೇಕು. ನಾಲ್ಕು ಇಂಚು ಇಳಿದರೆ ಅವರ ಸೊಂಟ ಉಳಿಯುತ್ತದೆ. ಬೇರೆ ಕಾರಣವೇನೂ ಇಲ್ಲ. ಬೇಗ ಬರಿ.

ನಿನ್ನ ಬೋಲ್ಟು


ಜೂನ್ ೧೫

ಬೋಲ್ಟು,

ಕಾಗದ ತಲುಪಿತು. ಅತ್ತೆ ಚೆನ್ನಾಗಿದ್ದಾಳೆ.

ಗಾಡಿ ಇಳಿಸಬೇಡ. ನೀನು ಹೊರುವುದು ಮರಳಲ್ಲ, ಗಾಜು. ಗುಂಡಿಗೆ ಬಿದ್ದಾಗ ಆಕ್ಸಲ್ ಮೇಲೆ ಏಳಬೇಕು, ಪ್ಲೇಟು ಬಾಗಬೇಕು. ಅದಕ್ಕೆ ಜಾಗ ಬೇಕು. ಮಂಡಿ ಮಡಿಸದೆ ಗೋಡೆಯಿಂದ ಹಾರಿ ನೋಡು, ಹಲ್ಲು ಕಟಕಟ ಎನ್ನುತ್ತದೆ. ಇಳಿಸಿದ ಗಾಡಿ ಲೋಡು ಹಾಕಿದಾಗ ಅದನ್ನೇ ಮಾಡುತ್ತದೆ. ಹಲ್ಲಿನ ಬದಲು ನಿನ್ನ ಕನ್ನಡಿ ಹೋಗುತ್ತದೆ, ಅಷ್ಟೆ.

ಎರಡೂ ಆಗುತ್ತದೆ ಎನ್ನುವವನ ಕೈಗೆ ಸ್ಪ್ಯಾನರ್ ಕೊಡಬೇಡ.

ಹೊಸ ಬಿಲ್ಲೆಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಅಳತೆ ಬೇಕು. ಚಕ್ರದ ನಟ್ಟನಡುವಿನಿಂದ ಅದರ ಮೇಲಿನ ತಗಡಿನ ಅಂಚಿನವರೆಗೆ ಟೇಪು ಹಿಡಿ. ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ. ಸಮತಟ್ಟು ನೆಲದ ಮೇಲೆ. ಕಣ್ಣಂದಾಜು ಬೇಡ.

ಅಳತೆ ಬರೆದು ಕಳಿಸಿದರೆ ಸಾಕು. ತೋರಿಸಲಿಕ್ಕೆಂದು ಗಾಡಿಯನ್ನು ಇಲ್ಲಿಗೆ ತರಬೇಡ. ನಮ್ಮ ಬೀದಿ ಇಕ್ಕಟ್ಟು, ತಿರುಗಿಸಲು ಆಗುವುದಿಲ್ಲ. ಬರುವುದಾದರೆ ಯಾವಾಗಿನಂತೆ ಬಸ್ಸಿನಲ್ಲಿ ಬಾ.

ಅಪ್ಪ


ಜುಲೈ ೨

ಅಪ್ಪಾ,

ಅಳತೆ ತೆಗೆದೆ. ಕಂಪನಿಯ ಅಂಗಳದ ಸಿಮೆಂಟು ನೆಲದ ಮೇಲೆ, ಮಟ್ಟಗೋಲು ಇಟ್ಟು ನೋಡಿಯೇ ತೆಗೆದೆ. ಖಾಲಿ ಇದ್ದಾಗ ಮುಂದೆ ಇಪ್ಪತ್ತೊಂದು ಇಂಚು, ಹಿಂದೆಯೂ ಇಪ್ಪತ್ತೊಂದು. ಪೂರ್ತಿ ತುಂಬಿದಾಗ ಮುಂದೆ ಇಪ್ಪತ್ತೂವರೆ, ಹಿಂದೆ ಹದಿನೆಂಟು. ತುಂಬಿದಾಗ ದೂರದಿಂದ ನೋಡಿದರೆ ಗಾಡಿ ಹಿಂದಿನ ಕಾಲಲ್ಲಿ ಕೂತ ನಾಯಿಯ ಹಾಗೆ ಮೂತಿ ಎತ್ತಿಕೊಂಡಿರುತ್ತದೆ. ಇಷ್ಟು ವರ್ಷ ಓಡಿಸಿದ್ದೇನೆ, ಒಳಗೆ ಕೂತವಳಿಗೆ ಇದು ಕಂಡೇ ಇರಲಿಲ್ಲ.

ಇಳಿಸಬೇಡ ಎಂದೆ ನೀನು, ನಾನು ಒಪ್ಪಿದೆ. ಆದರೂ ಇನ್ನೊಮ್ಮೆ ಯೋಚಿಸು. ನಾಲ್ಕು ಬೇಡ, ಮೂರು ಇಂಚು? ಲೋಡು ಕಡಿಮೆ ಹಾಕಿ ಎರಡು ಸಲ ಓಡಾಡುತ್ತೇನೆ. ಕ್ಯಾಬಿನ್ನಿನ ನೆಲ ಈಗ ಭೂಮಿಯಿಂದ ಇಪ್ಪತ್ತೇಳು ಇಂಚು ಎತ್ತರದಲ್ಲಿದೆ. ಮೂರು ಇಳಿದರೆ ಇಪ್ಪತ್ನಾಲ್ಕಾಗುತ್ತದೆ.

ಇನ್ನೊಂದು ಮಾತು. ನಿನ್ನ ಮಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ನೋವಿಲ್ಲದೆ ಕಾಲು ಎಷ್ಟು ಮೇಲೆ ಬರುತ್ತದೆ, ಅತ್ತೆಗೆ ಹೇಳಿ ಅಳೆಸಿ ಬರಿ. ಸುಮ್ಮನೆ ಕೇಳಿದೆ.

ಬೋಲ್ಟು


ಜುಲೈ ೨೦

ಪುಟ್ಟಾ,

ನಾನು ಅತ್ತೆ ಬರೀತಿರೋದು. ಅಕ್ಷರ ವಕ್ರ ಇದ್ದರೆ ಬೈಕೋಬೇಡ. ಶಾಲೆ ಶುರುವಾದಾಗಿಂದ ಸಮವಸ್ತ್ರ ಹೊಲಿದು ಹೊಲಿದು ಬೆರಳು ಮರಗಟ್ಟಿದೆ.

ನಿನ್ನ ಕಾಗದ ಬಂದು ಹದಿನೈದು ದಿನ ಆಯ್ತು. ಅಣ್ಣ ಓದಿದ, ಮಡಚಿದ, ದಿಂಬಿನ ಕೆಳಗಿಟ್ಟ. ಮಾರನೇ ದಿನ ಮತ್ತೆ ತೆಗೆದು ಓದಿದ. "ಏನಂತೆ?" ಅಂತ ಸ್ಲೇಟಿನ ಮೇಲೆ ಬರೆದು ತೋರಿಸಿದರೆ "ಗಾಡಿ ವಿಷಯ" ಅಂದ. ಗಾಡಿ ವಿಷಯಕ್ಕೆ ಯಾರಾದರೂ ಊಟ ಬಿಡ್ತಾರೇನೇ? ಕೊನೆಗೆ ನಾನೇ ಕದ್ದು ಓದಿದೆ. ತಪ್ಪು ಅಂದ್ರೆ ತಪ್ಪು, ಏನೀಗ.

ಕೇಳಿಲ್ಲಿ. ಮೊದಲ ಕಾಗದದಲ್ಲಿ ನನ್ನ ಜ್ವರ ಹೇಗಿದೆ ಅಂತ ಕೇಳಿದ್ದೀಯ. ನನಗೆ ಜ್ವರ ಬಂದು ಮೂರು ವರ್ಷ ಆಯ್ತು ತಾಯಿ. ಮಾರ್ಚಿನಲ್ಲಿ ಅಣ್ಣ ದಿಢೀರಂತ ಬಂದಾಗ "ಯಾಕೆ ಇಷ್ಟು ಬೇಗ?" ಅಂದೆ. "ಅವಳಿಗೆ ಕೆಲಸ ಜಾಸ್ತಿ, ತೊಂದರೆ ಯಾಕೆ" ಅಂದ. ನಿನಗೊಂದು ಸುಳ್ಳು, ನನಗೊಂದು ಸುಳ್ಳು. ಅಲ್ಲಿ ಏನಾಯ್ತು? ಬಂದ ದಿನ ಅವನ ಅಂಗಿ ಒಗೆಯೋಕೆ ತಗೊಂಡೆ. ಕಂಕುಳ ಹತ್ತಿರ ಹೊಲಿಗೆ ಬಿಚ್ಚಿತ್ತು. ನಾನೇ ಹೊಲಿದ ಅಂಗಿ ಅದು, ಎರಡು ಸಲ ಹೊಲಿಗೆ ಓಡಿಸಿದ್ದೆ. ಯಾರೋ ಹಿಡಿದು ಎಳೆಯದೆ ಹಾಗೆ ಬಿಚ್ಚೋದಿಲ್ಲ.

ನೀನು ಕೇಳಿದ ಅಳತೆ. ಮಂಡಿ ನೆಲದಿಂದ ಹತ್ತೊಂಬತ್ತು ಇಂಚು. ಬಲಗಾಲು ನೋವಿಲ್ಲದೆ ಏಳೋದು ಹನ್ನೊಂದು ಇಂಚು ಮಾತ್ರ. ನಿದ್ದೆ ಮಾಡೋವಾಗ ಮಂಡಿ ಅಳೆದೆ. ಎದ್ದ ಮೇಲೆ ಮೆಟ್ಟಿಲ ಹತ್ತಿರ ನಿಂತು, ಎಲ್ಲಿಗೆ ಬಂದಾಗ ಮುಖ ಕಿವುಚ್ತಾನೆ ಅಂತ ನೋಡಿಕೊಂಡೆ.

ಈಗ ನೀನು ಹೇಳು.

ಅತ್ತೆ


ಆಗಸ್ಟ್ ೪

ಅಪ್ಪಾ,

ಅತ್ತೆಗೆ ಬರೆಯಬೇಕಾದ ಉತ್ತರವನ್ನು ನಿನಗೇ ಬರೆಯುತ್ತಿದ್ದೇನೆ. ನಾಲ್ಕು ಹಾಳೆ ಹರಿದೆ. ಇದು ಐದನೆಯದು.

ಮಾರ್ಚಿನಲ್ಲಿ ನೀನು ಬಂದ ಎರಡನೆಯ ದಿನ. ನಾನು ಬೆಳಿಗ್ಗೆ ಲೋಡಿಗೆ ಹೊರಟಾಗ ನೀನು "ನಾನೂ ಬರ್ತೀನಿ, ನಿನ್ನ ಕೆಲಸ ನೋಡ್ತೀನಿ" ಎಂದೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಮನಸ್ಸಿನಲ್ಲಿ ಬೇಡ ಎಂದೇ ಇತ್ತು. ಇದನ್ನು ಮೊದಲು ಹೇಳಿಬಿಡುತ್ತೇನೆ. ಅಂದು ದೊಡ್ಡ ಹೋಟೆಲಿನ ಇಂಜಿನಿಯರ್ ಬರುವವನಿದ್ದ. ಅವನ ಕೆಲಸ ಸಿಕ್ಕರೆ ಎರಡು ವರ್ಷ ನನ್ನ ಗಾಡಿಗೆ ಪುರುಸೊತ್ತಿರುವುದಿಲ್ಲ ಎಂದು ಕಂಪನಿಯ ಯಜಮಾನಿ ಹೇಳಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ನೀನು ನಿನ್ನ ಗ್ಯಾರೇಜಿನ ಹಳೇ ಕೋಟನ್ನೇ ಹಾಕಿಕೊಂಡಿದ್ದೆ.

ಅಂಗಳದಲ್ಲಿ ಗಾಡಿ ನಿಂತದ್ದೇ ತಡ, ಯಾರೂ ಕೇಳದೆ ನೀನು ಅದರ ಕೆಳಗೆ ತೂರಿದೆ. ಇಂಜಿನಿಯರ್ ಮತ್ತು ಯಜಮಾನಿ ಬಂದಾಗ ಗಾಡಿಯ ಕೆಳಗಿಂದ ಎರಡು ಕಾಲು, ಸವೆದ ಚಪ್ಪಲಿ. ಆಮೇಲೆ ನೀನು ತೆವಳಿಕೊಂಡು ಹೊರಬಂದು, ಮೈತುಂಬ ಮಣ್ಣು ಮಾಡಿಕೊಂಡು, ಅವರಿಗೆ ಕೈ ಮುಗಿದು ನಕ್ಕೆ.

"ಯಾರಿವರು?" ಎಂದರು ಯಜಮಾನಿ.

"ಪರಿಚಯದ ಮೆಕ್ಯಾನಿಕ್ ಮೇಡಂ. ಗಾಡಿ ನೋಡೋಕೆ ಕರೆಸಿದ್ದೆ."

"ಮೊದಲು ಕೈ ತೊಳ್ಕೊಳ್ಳೋಕೆ ಹೇಳಿ. ಗಾಜಿಗೆ ಗ್ರೀಸ್ ಮೆತ್ತಿದರೆ ಹೋಗಲ್ಲ."

ನಾನು ನಿನ್ನ ಕಡೆ ತಿರುಗಿ ಕೈಸನ್ನೆಯಲ್ಲಿ ನಲ್ಲಿ ತೋರಿಸಿದೆ. ಪರಿಚಯದ ಮೆಕ್ಯಾನಿಕ್ಕಿಗೆ ತೋರಿಸುವ ಹಾಗೆಯೇ.

ಬೆಳಿಗ್ಗೆ ಮನೆಯ ಜಗಲಿಯ ಮೇಲಿಂದ ಹತ್ತಿದ್ದ ನೀನು ಹೊರಡುವಾಗ ಬರಿನೆಲದಿಂದ ಗಾಡಿ ಹತ್ತಲು ಹೋದೆ. ಮೂರು ಸಲ ಕಾಲೆತ್ತಿದೆ, ಮೂರು ಸಲವೂ ಮಂಡಿ ಕೈಕೊಟ್ಟಿತು. ಲೋಡಿಂಗಿನವರು ಹಿಂದಿನಿಂದ ಬಂದು ನಿನ್ನ ಕಂಕುಳಿಗೆ ಕೈಹಾಕಿ, ಕನ್ನಡಿ ಎತ್ತುವಾಗ ಕೂಗುವ ಹಾಗೆ "ಉಷಾರು, ಒಡೆದೀತು!" ಎಂದು ಕೂಗುತ್ತ ಎತ್ತಿ ಒಳಗಿಟ್ಟರು. ಎಲ್ಲರೂ ನಕ್ಕರು. ಕೇಳಿಸದ ನೀನೂ ನಕ್ಕೆ. ನಾನೂ ನಕ್ಕೆ ಅಪ್ಪಾ. ಅವರಿಗಿಂತ ಸ್ವಲ್ಪ ಜೋರಾಗಿಯೇ.

ಕೆಲಸ ಸಿಕ್ಕಿತು. ಹೋಟೆಲಿನ ಇನ್ನೂರು ಕೋಣೆಗಳ ಕನ್ನಡಿಗಳನ್ನು ಈಗ ನಾನೇ ಸಾಗಿಸುತ್ತಿದ್ದೇನೆ. ಪ್ರತಿ ಕನ್ನಡಿ ಗಾಡಿಗೆ ಏರುವಾಗಲೂ ಅದರಲ್ಲಿ ನನ್ನ ಮುಖ ಹಾದುಹೋಗುತ್ತದೆ. ನಾನು ಬೇರೆ ಕಡೆ ನೋಡುತ್ತೇನೆ.

ನಿನಗೆ ಕೇಳಿಸಿರಲಿಕ್ಕಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅತ್ತೆಗೆ ಜ್ವರವೇ ಬಂದಿರಲಿಲ್ಲ ಎಂದು ಗೊತ್ತಾದ ಮೇಲೆ ಅದೂ ಹೋಯಿತು. ಗಾಡಿ ಇಳಿಸಬೇಕು ಎಂದದ್ದು ಲೋಡಿಂಗಿನವರ ಸೊಂಟಕ್ಕಲ್ಲ. ಈಗ ನಿನಗೂ ಗೊತ್ತಾಗಿರಬೇಕು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಗಾಡಿ ಇಳಿಸಲೇ, ಅಷ್ಟು ಹೇಳು.

ಮಗಳು


ಸೆಪ್ಟೆಂಬರ್ ೧೦

ಮಗಳೇ,

ತಡವಾಯಿತು.

ಸುತ್ತಿಗೆಯ ಮುಂದೆ ನಲವತ್ತು ವರ್ಷ ನಿಂತವರೆಲ್ಲ ತುಟಿ ನೋಡಿಯೇ ಮಾತು ತಿಳಿಯುವುದು. ಕಿವಿ ಚೆನ್ನಾಗಿದ್ದಾಗಲೂ ಅಷ್ಟೆ, ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳುತ್ತಿತ್ತು? ಅತ್ತೆ ಹೊಲಿಯುವಾಗ ಬಾಯಲ್ಲಿ ದಾರ ಕಚ್ಚಿಕೊಂಡಿರುತ್ತಾಳೆ, ಅವಳಿಗೆ ಮಾತ್ರ ಸ್ಲೇಟು. ನೀನು ಚಿಕ್ಕವಳಿದ್ದಾಗ ಗ್ಯಾರೇಜಿನ ಬಾಗಿಲಲ್ಲಿ ನಿಂತು ಬಾಯಲ್ಲಿ ಸದ್ದು ಮಾಡದೆ "ಊಟಕ್ಕೆ ಬಾ" ಎನ್ನುತ್ತಿದ್ದೆ. ಮರೆತಿದ್ದೀಯ.

ಅಂದು ನೀನು ಏನು ಹೇಳಿದೆ ಎಂದು ಅಂದೇ ತಿಳಿಯಿತು.

ಇಳಿಸಬೇಡ. ನನಗಾಗಿಯಂತೂ ಇಳಿಸಬೇಡ. ಹಾಗೆ ಮಾಡಿದರೆ ಗುಂಡಿ ಸಿಕ್ಕಾಗಲೆಲ್ಲ ನನ್ನ ಹೆಸರಿನಲ್ಲಿ ಒಂದು ಕನ್ನಡಿ ಒಡೆಯುತ್ತದೆ. ಬೇಕಾದರೆ ಬಾಗಿಲ ಕೆಳಗೆ ಎರಡು ಹಂತದ ಮೆಟ್ಟಿಲು ಬೆಸೆಸು. ಮೊದಲ ಹಂತ ನೆಲದಿಂದ ಹತ್ತು ಇಂಚು. ಲೋಡಿಂಗಿನವರಿಗೂ ಅನುಕೂಲ.

ಆ ಬಿಲ್ಲೆಗಳ ವಿಷಯ ಬರೆಯಬೇಕೆಂದು ಮೂರು ಸಲ ಕೂತೆ. ಆಗಲಿಲ್ಲ. ಸದ್ಯ ಹೊಸದನ್ನು ಹಾಕಿಸಬೇಡ. ನಿಧಾನವಾಗಿ ಓಡಿಸು.

ಅಪ್ಪ


ಅಕ್ಟೋಬರ್ ೧

ಅಪ್ಪಾ,

ಎರಡು ಸಂಗತಿ ನಡೆದವು. ಒಂದರ ಹಿಂದೆ ಒಂದು ಹೇಳುತ್ತೇನೆ.

ಕಳೆದ ಮಂಗಳವಾರ ಬೆಳಿಗ್ಗೆ ಏಳು ಗಂಟೆ. ಮಂಜು ದಟ್ಟವಾಗಿತ್ತು. ಗಾಡಿಯಲ್ಲಿ ಪೂರ್ತಿ ಲೋಡು. ದೀಪ ಹಾಕಿಕೊಂಡು ನಿಧಾನವಾಗಿಯೇ ಸೇತುವೆಯ ತಿರುವಿಗೆ ಬಂದೆ. ಎದುರಿನಿಂದ ಸ್ಕೂಟರಿನಲ್ಲಿ ಒಬ್ಬ ಹೆಂಗಸು. ಇದ್ದಕ್ಕಿದ್ದಂತೆ ಕಣ್ಣಿಗೆ ಕೈ ಅಡ್ಡ ಹಿಡಿದರು. ಸ್ಕೂಟರ್ ಓಲಾಡಿ ಸೇತುವೆಯ ಅಂಚಿಗೆ ಹೊಡೆದು ಬಿತ್ತು. ನಾನು ಇಳಿದು ಓಡಿದೆ. ಮಣಿಕಟ್ಟು ಮುರಿದಿತ್ತು. ಅಂಥ ನೋವಿನಲ್ಲೂ ಅವರು ಹೇಳಿದ್ದು ಒಂದೇ ಮಾತು:

"ಲೈಟು ರಸ್ತೆಗೆ ಬಿಡ್ರೀ, ಜನರ ಕಣ್ಣಿಗಲ್ಲ! ನಿಮಗೆ ದಾರಿ ಕಂಡ್ರೆ ಸಾಕಾ?"

ಲೋಡಿದ್ದಾಗ ಹಿಂಭಾಗ ಕುಸಿದು ಮೂತಿ ಎತ್ತಿಕೊಳ್ಳುತ್ತದೆ ಎಂದು ಜುಲೈಯಲ್ಲಿ ನಾನೇ ಟೇಪು ಹಿಡಿದು ಅಳೆದಿದ್ದೆ. ನಾಯಿ ಕೂತ ಹಾಗೆ ಎಂದು ತಮಾಷೆ ಮಾಡಿ ಬರೆದೆ. ಮೂತಿಯ ಜೊತೆ ದೀಪವೂ ಮೇಲೇಳುತ್ತದೆ ಎಂದು ಹೊಳೆಯಲಿಲ್ಲವಲ್ಲ! ಆಸ್ಪತ್ರೆಗೆ ಕರೆದುಕೊಂಡು ಹೋದೆ, ಪಟ್ಟಿ ಕಟ್ಟುವವರೆಗೂ ಇದ್ದೆ. ಅವರು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವರು. ಆರು ವಾರ ಬಲಗೈ ಆಡುವುದಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಅವರ ಮನೆಗೆ ಹೋಗಿ ನೀರು ತುಂಬಿಸಿಟ್ಟು, ತಲೆ ಬಾಚಿ ಬರುತ್ತಿದ್ದೇನೆ. ಅವರು ಇನ್ನೂ ನನ್ನ ಹೆಸರು ಕೇಳಿಲ್ಲ.

ಅಂದು ಮಧ್ಯಾಹ್ನ ತಡವಾಗಿ ಕಂಪನಿಗೆ ಹೋದೆ. ನಡೆದದ್ದನ್ನೆಲ್ಲ ಯಜಮಾನಿಗೆ ಹೇಳಿದೆ. ಲೋಡಿಂಗಿನ ಅಣ್ಣ ತಮ್ಮನೂ ಅಲ್ಲೇ ಇದ್ದರು. "ಆ ದಿನ ಬಂದಿದ್ದರಲ್ಲ, ಆ ಮೆಕ್ಯಾನಿಕ್ಕಿಗೆ ತೋರಿಸಿ ಸರಿಮಾಡಿಸಿ" ಎಂದರು ಯಜಮಾನಿ. ಆಗ ನನ್ನ ಬಾಯಿಂದ ಬಂತು.

"ಮೇಡಂ, ಅವರು ಮೆಕ್ಯಾನಿಕ್ ಹೌದು. ಆದರೆ ನಮ್ಮಪ್ಪ. ಅವತ್ತು ನಾನು ಸುಳ್ಳು ಹೇಳಿದೆ."

ನೆಲ ನೋಡುತ್ತ ನಿಂತೆ. ಬೈಯುತ್ತಾರೆ ಎಂದುಕೊಂಡೆ. ಅವರು ಬಿಲ್ಲು ಬರೆಯುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ.

"ಗೊತ್ತಿತ್ತು. ಮೂಗು ಇಬ್ಬರದೂ ಒಂದೇ ಅಚ್ಚು."

ಲೋಡಿಂಗಿನ ಅಣ್ಣ ಹೇಳಿದ: "ನಮಗೂ ಗೊತ್ತಿತ್ತಕ್ಕ. ನೀನೇ ಹಾಗಂದ ಮೇಲೆ ನಾವೇನು ಮಾತಾಡೋದು ಅಂತ ಸುಮ್ಮನಿದ್ವಿ."

ಆರು ತಿಂಗಳು! ಆರು ತಿಂಗಳಿಂದ ದಿನಾ ಅವರ ನಡುವೆ ತಲೆಯೆತ್ತಿಕೊಂಡು ಓಡಾಡಿದ್ದೇನೆ. ಅವರೆಲ್ಲ ನನ್ನನ್ನು ನೋಡುತ್ತ, ಇವಳು ಅಪ್ಪನನ್ನು ಅಪ್ಪ ಎನ್ನದವಳು ಎಂದು ತಿಳಿದೇ ನಮಸ್ಕಾರ ಹೇಳುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗಾಡಿಯ ಮೂತಿ ಎತ್ತಿಸಿಕೊಂಡದ್ದು ನನ್ನ ಶೋಕಿ. ನಿನ್ನ ಕೈಲಿ ಮಾಡಿಸಿದೆ. ಅದಕ್ಕೂ ಸೇರಿಸಿ ತಪ್ಪಾಯಿತು.

ಮಗಳು


ಅಕ್ಟೋಬರ್ ೯

ಮಗಳೇ,

ನಿನ್ನ ಕಾಗದ ಇಂದು ಬೆಳಿಗ್ಗೆ ಬಂತು. ಈಗಲೇ ಬರೆಯುತ್ತಿದ್ದೇನೆ, ನಾಳೆಗೆ ಬಿಟ್ಟರೆ ಮತ್ತೆ ಬರೆಯಲಾರೆ.

ಅದು ನಿನ್ನ ಶೋಕಿ ಅಲ್ಲ. ನೀನು ಕೇಳಿರಲಿಲ್ಲ. ನೆನಪು ಮಾಡಿಕೋ. ಹೊಸ ಗಾಡಿ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅದಿನ್ನೂ ನಾನು ಗ್ಯಾರೇಜು ಮುಚ್ಚಿ ಇಲ್ಲಿಗೆ ಬರುವ ಮುಂಚಿನ ವಾರ. ನಾನೇ "ಮುಂದೆ ಎರಡಿಂಚು ಎತ್ತೋಣ, ನೋಡೋಕೆ ಚೆನ್ನಾಗಿರುತ್ತೆ" ಎಂದೆ. ನೀನು "ನಿನಗೆ ಹೇಗನ್ನಿಸುತ್ತೋ ಹಾಗೆ ಮಾಡಪ್ಪ" ಎಂದೆ. ಅಷ್ಟೇ.

ಪಿಕಪ್ಪಿನ ಹಿಂಭಾಗ ಎತ್ತರ ಇರುವುದು ಸುಮ್ಮನೆ ಅಲ್ಲ. ಲೋಡು ಬಿದ್ದಾಗ ಇಳಿದು ಸಮವಾಗಲಿ ಎಂದು. ದೀಪ ನೆಲ ನೋಡಲಿ, ಮುಂದಿನ ಚಕ್ರ ರಸ್ತೆ ಹಿಡಿಯಲಿ ಎಂದು. ಇದು ನನಗೆ ಗೊತ್ತಿರಲಿಲ್ಲವೇ? ನಲವತ್ತು ವರ್ಷ ಗಿರಾಕಿಗಳಿಗೆ ಬೈದು ಹೇಳಿದ್ದು ಇದನ್ನೇ. ಲೋಡು ಹೊರುವ ಗಾಡಿಯ ಮೂತಿ ಎತ್ತಬೇಡಿ ಎಂದು ಎಷ್ಟು ಜನರನ್ನು ವಾಪಸು ಕಳಿಸಿಲ್ಲ! ನನ್ನ ಮಗಳ ಗಾಡಿಗೆ ನಾನೇ ಎತ್ತಿದೆ.

ಯಾಕೆ ಎಂದು ಹೇಳುತ್ತೇನೆ. ಹಿಂಭಾಗ ಎತ್ತಿದ ಪಿಕಪ್ಪನ್ನು ಯಾರು ನೋಡಿದರೂ ಲೋಡಿನ ಗಾಡಿ ಎಂದು ತಿಳಿಯುತ್ತದೆ. ಸಮ ಮಾಡಿದರೆ ಶೋಕಿಗೆ ಇಟ್ಟುಕೊಂಡ ದೊಡ್ಡ ಕಾರಿನ ಹಾಗೆ ಕಾಣುತ್ತದೆ. ಇಲ್ಲಿಗೆ ಬಂದ ಮೊದಲ ವಾರ ಎದುರುಮನೆಯ ನಿವೃತ್ತ ಮೇಷ್ಟ್ರು "ನಿಮ್ಮ ಮಗಳೇನು ಮಾಡ್ತಾಳೆ?" ಎಂದು ಬರೆದು ಕೇಳಿದರು. ನಾನು "ಗಾಜಿನ ಕಂಪನಿಯಲ್ಲಿ ಲೆಕ್ಕ ನೋಡ್ತಾಳೆ" ಎಂದೆ. ಡ್ರೈವರ್ ಎನ್ನಲು ನಾಲಿಗೆ ಹೊರಳಲಿಲ್ಲ. ಆಮೇಲೆ ಬೀದಿಯವರೆಲ್ಲರಿಗೂ ಅದನ್ನೇ ಹೇಳಿದೆ. ಈ ಬೀದಿ ಇಕ್ಕಟ್ಟೂ ಅಲ್ಲ ಏನೂ ಅಲ್ಲ. ನೀರಿನ ಲಾರಿ ಸಲೀಸಾಗಿ ತಿರುಗುತ್ತದೆ. ನೀನು ಗಾಡಿ ತಂದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಬಸ್ಸಿನಲ್ಲಿ ಬಾ ಎನ್ನುತ್ತಿದ್ದೆ.

ಮಾರ್ಚಿನಲ್ಲಿ ನಿನ್ನ ತುಟಿಯ ಮೇಲೆ ಆ ಮಾತು ಕಂಡಾಗ ನನಗೆ ಸಿಟ್ಟು ಬರಲಿಲ್ಲ. ನಾನು ಮಾಡಿದ್ದೇ ನನಗೆ ಎದುರಾಯಿತು. ಅದಕ್ಕೇ ನಿನ್ನ ಮುಖ ನೋಡಲಾಗದೆ ಹೊರಟು ಬಂದೆ. ಸುಳ್ಳನ್ನು ನೀನು ಒಂದು ಸಲ ಹೇಳಿದೆ. ನಾನು ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ.

ಆ ಬೇಕರಿಯ ಹೆಂಗಸಿನ ಕೈ ಮುರಿದದ್ದು ನಿನ್ನಿಂದಲ್ಲ. ಅವರಿಗೆ ಹಾಗೆಂದು ಹೇಳು.

ಗಾಡಿ ತೆಗೆದುಕೊಂಡು ಬಾ. ಹಗಲಿನಲ್ಲಿ, ಖಾಲಿ ಮಾಡಿಕೊಂಡು. ಆ ಬಿಲ್ಲೆಗಳನ್ನು ತೆಗೆದು ಹಾಕೋಣ. ಮೇಷ್ಟ್ರನ್ನು ಕರೆದು ನಿನ್ನ ಎದುರಿಗೇ ನಿಜ ಹೇಳುತ್ತೇನೆ.

ಅಪ್ಪ


ಅಕ್ಟೋಬರ್ ೧೭

ಅಪ್ಪಾ,

ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ನಿನ್ನ ಕಾಗದವನ್ನು ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ. ಸ್ಟ್ಯಾಂಡು, ಜ್ಯಾಕು ತರುತ್ತೇನೆ. ಹದಿನೇಳರ ಸ್ಪ್ಯಾನರ್ ನಿನ್ನ ಹತ್ತಿರ ಇದೆಯಲ್ಲ?

ಬೋಲ್ಟು


ಅಕ್ಟೋಬರ್ ೨೬

ಮಗಳೇ,

ನೀನು ಹೋಗಿ ನಾಲ್ಕು ದಿನವಾಯಿತು. ಸ್ಟೀರಿಂಗಿನ ಸದ್ದು ನಿಂತಿದೆ ಎಂದುಕೊಳ್ಳುತ್ತೇನೆ. ಚಕ್ರದ ಅಲೈನ್‌ಮೆಂಟ್ ತಪ್ಪದೆ ಮಾಡಿಸು. ಗಾಡಿಯನ್ನು ಗೋಡೆಯ ಮುಂದೆ ನಿಲ್ಲಿಸಿ ದೀಪ ಹೊಂದಿಸು, ಲೋಡು ಹಾಕಿಯೇ ಹೊಂದಿಸು.

ಆ ಭಾನುವಾರದ ಒಂದು ವಿಷಯ ನಿನಗೆ ಗೊತ್ತಿಲ್ಲ.

ನೀನು ಬಂದಾಗ ಅರ್ಧ ಬೀದಿ ಹೊರಗೆ ನಿಂತಿತ್ತು. ಹೇಳಬೇಕೆಂದು ನಾನು ಬೆಳಿಗ್ಗೆಯಿಂದ ಮನಸ್ಸಿನಲ್ಲಿ ಮಾತು ಜೋಡಿಸಿಟ್ಟುಕೊಂಡಿದ್ದೆ. ಮೊದಲು ಎಡಗಡೆ ಮುಗಿಯಲಿ ಎಂದುಕೊಂಡೆ. ಎಡಗಡೆಯ ಬಿಲ್ಲೆ ಹೊರಬಂತು. ಬಲಗಡೆಯದೂ ಮುಗಿಯಲಿ ಎಂದುಕೊಂಡೆ. ಮೇಲಿನ ಮೂರು ನಟ್ಟು ನೀನು ಬಿಗಿದೆ, ಕೆಳಗಿನ ಬೋಲ್ಟು ಬಿಗಿಯಲು ನಾನು ಒಳಗೆ ತೂರಿದೆ. ಆಗ ಮೇಷ್ಟ್ರು ಬಂದರು.

ಚಕ್ರ ಕಳಚಿಟ್ಟಿದ್ದ ಸಂದಿನಿಂದ ನಿನ್ನ ಮುಖ ಪೂರ್ತಿ ಕಾಣುತ್ತಿತ್ತು. ಅವರ ಬೆನ್ನು ನನ್ನ ಕಡೆಗಿತ್ತು. ಅವರು ಏನೋ ಕೇಳಿದರು. ನೀನು ಒಂದು ಕ್ಷಣ ಕೆಳಗೆ, ನನ್ನ ಕಾಲಿನ ಕಡೆ ನೋಡಿದೆ. ಆಮೇಲೆ ನಕ್ಕು ಹೇಳಿದೆ.

"ಹೂಂ ಮೇಷ್ಟ್ರೇ, ಲೆಕ್ಕ ನೋಡ್ತೀನಿ. ಗಾಡಿ ಕಂಪನೀದು. ಅಪ್ಪಂಗೆ ತೋರಿಸೋಣ ಅಂತ ತಂದೆ."

ನನ್ನ ಮಾನ ಉಳಿಸಲು ನೀನು ಹಾಗೆ ಹೇಳಿದೆ. ನಾನು ನೋಡಲಿಲ್ಲ ಎಂದು ನೀನು ಅಂದುಕೊಂಡೆ.

ಬೋಲ್ಟು ಆಗಲೇ ಬಿಗಿಯಾಗಿತ್ತು. ನಾನು ಅದನ್ನೇ ಮತ್ತೆ ಮತ್ತೆ ಬಿಗಿಯುತ್ತ ಮಲಗಿದ್ದೆ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಮೇಷ್ಟ್ರು ಹೋಗುವವರೆಗೂ ಬರಲಿಲ್ಲ. ಬಂದಾಗ ನೀನು ಕೈಕೊಟ್ಟು ಎಬ್ಬಿಸಿದೆ, ಮುಖಕ್ಕೆ ಹತ್ತಿದ್ದ ಗ್ರೀಸನ್ನು ನಿನ್ನ ಅಂಗಿಯ ತೋಳಿನಿಂದ ಒರೆಸಿದೆ. ಆಮೇಲೆ ಹೊಸ ಮೆಟ್ಟಿಲ ಮೇಲೆ ಕಾಲಿಟ್ಟು ನಾನು ಗಾಡಿ ಹತ್ತಿದಾಗ ನಿನ್ನ ಮುಖ ಹಿಗ್ಗಿದ್ದು ನೋಡಿದೆ. ಕೆರೆಯವರೆಗೂ ಹೋಗಿ ಬಂದೆವು. ದಾರಿಯುದ್ದಕ್ಕೂ ಹೇಳಬಹುದಿತ್ತು. "ಈಗ ರಸ್ತೆ ಹಿಡೀತಿದೆ" ಎಂದು ಗಾಡಿಯ ವಿಷಯ ಮಾತ್ರ ಹೇಳಿದೆ.

ನಿನ್ನೆ ಸಂಜೆ ಬೀದಿ ದಾಟಿ ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಕೂರದೆ, ನಿಂತೇ ಹೇಳಿದೆ.

"ಮೇಷ್ಟ್ರೇ, ನನ್ನ ಮಗಳು ಲೆಕ್ಕ ನೋಡೋದಿಲ್ಲ. ಆ ಗಾಡಿ ಅವಳದೇ. ಅವಳೇ ಓಡಿಸೋದು, ಗಾಜು ಸಾಗಿಸೋದು. ನಾಲ್ಕು ವರ್ಷದಿಂದ ನಾನು ಸುಳ್ಳು ಹೇಳ್ತಾ ಬಂದೆ. ಮೊನ್ನೆ ಅವಳು ಹೇಳಿದ್ದೂ ನನಗೋಸ್ಕರ."

ನನ್ನ ದನಿ ಎಷ್ಟು ಎತ್ತರ ಎಂದು ನನಗೆ ತಿಳಿಯುವುದಿಲ್ಲ. ಬೀದಿಯ ಕೊನೆಯವರೆಗೂ ಕೇಳಿಸಿತು, ಹೊಲಿಗೆ ನಿಲ್ಲಿಸಿ ಹೊರಗೆ ಬಂದೆ ಎಂದು ಅತ್ತೆ ಆಮೇಲೆ ಹೇಳಿದಳು.

ಮೇಷ್ಟ್ರು ಏನೋ ಮಾತಾಡಿದರು. ಅವರ ಮೀಸೆ ಪೊದೆಯ ಹಾಗೆ, ತುಟಿ ಕಾಣುವುದೇ ಇಲ್ಲ. ಕೊನೆಗೆ ಅವರಿಗೇ ನೆನಪಾಗಿ, ಪತ್ರಿಕೆಯ ಅಂಚು ಹರಿದು, ಪೆನ್ಸಿಲಿನಲ್ಲಿ ಒಂದು ಸಾಲು ಬರೆದು ಕೊಟ್ಟರು.

"ಇದನ್ನು ಅವಳ ಎದುರಿಗೇ ಯಾಕೆ ಹೇಳಲಿಲ್ಲ?"

ಪೆನ್ಸಿಲನ್ನೂ ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ಚೀಟಿಯನ್ನು ಮಡಚಿ ಜೇಬಿಗಿಟ್ಟೆ. ಪೆನ್ಸಿಲ್ ವಾಪಸು ಕೊಟ್ಟು ಮನೆಗೆ ಬಂದೆ.

ಆ ಚೀಟಿಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ಬೇಕರಿಯವರ ಕೈ ವಾಸಿಯಾದ ಮೇಲೆ, ನಿನಗೆ ಬಿಡುವಾದ ದಿನ ಇನ್ನೊಮ್ಮೆ ಬಾ. ನೀನು ಪಕ್ಕದಲ್ಲಿ ನಿಂತಿರು. ಅವರನ್ನೂ ಕರೆಯುತ್ತೇನೆ, ಉಳಿದವರನ್ನೂ ಕರೆಯುತ್ತೇನೆ. ಆಗಲೂ ನನ್ನ ಬಾಯಿ ಕಟ್ಟಿದರೆ ಈ ಚೀಟಿಯನ್ನು ನನ್ನ ಕೈಗೆ ಕೊಡು.

ನಿನ್ನ ಅಪ್ಪ